ಕಚ್ಚು ಬಿದ್ದ ಅಚ್ಚು

ಹುಡುಗಿಯೊಬ್ಬಳು ಫ್ರೇಮೊಂದನ್ನು ಕೌಂಟರಿನ ಮೇಲಿಟ್ಟಳು. ಅಣಬೆಯಕ್ಕನಿಗೆ ನೋಡಿದ ಕೂಡಲೇ ಗುರುತು ಸಿಕ್ಕಿತು.

ಜನ ತಂದ ಅಣಬೆಗಳನ್ನು ಗುರುತಿಸಿ ಚೀಟಿ ಬರೆದುಕೊಡುವುದು ಮ್ಯೂಸಿಯಮ್ಮಿನಲ್ಲಿ ಅವಳ ಕೆಲಸ. ಸಹೋದ್ಯೋಗಿಗಳ ಬಾಯಲ್ಲಿ ಅವಳ ಹೆಸರೇ ಅದಾಗಿಹೋಗಿತ್ತು.

"ಮೇಡಂ, ಇದು ಯಾವ ಅಣಬೆ? ನನ್ನನ್ನ ಮದುವೆಯಾಗೋ ಹುಡುಗ ಕೊಟ್ಟಿದ್ದು. ತಾನೇ ಮಾಡಿದ್ದಂತೆ!" ಹುಡುಗಿ ನಾಚಿದಳು. "ಹೆಸರು ಬರೆಸಿ ಸರ್ಪ್ರೈಸ್ ಕೊಡೋಣ ಅಂತ ಅವನಿಗೆ ಹೇಳದೆ ಬಂದೆ."

ಫ್ರೇಮಿನೊಳಗೆ ಬಿಳಿ ಕಾಗದದ ಮೇಲೆ ಕಡುಕಂದು ಪುಡಿಯ ಪುಟ್ಟ ವೃತ್ತ, ಅಂಚಿನಲ್ಲೊಂದು ಕಚ್ಚು.

ಮೂರು ತಿಂಗಳ ಹಿಂದೆ, ಆಟದ ಮೈದಾನದ ಹುಲ್ಲು ನೋಡಿಕೊಳ್ಳುವವನು ಕರವಸ್ತ್ರದಲ್ಲಿ ಅಣಬೆ ಸುತ್ತಿ ತಂದಿದ್ದ.

"ಬೆಳಿಗ್ಗೆ ಕಂದು, ಮಧ್ಯಾಹ್ನ ಬಿಳಿಚಿಕೊಳ್ಳುತ್ತೆ. ಎರಡು ಜಾತಿನಾ ಮೇಡಂ?"

"ಒಂದೇ. ಒಣಗ್ತಾ ಬಣ್ಣ ಬದಲಾಯಿಸುತ್ತೆ. ಮೇಲಿನ ಬಣ್ಣ ನಂಬಬಾರದು, ಅಚ್ಚು ತೆಗೀಬೇಕು."

ಅಣಬೆಯ ಟೋಪಿಯನ್ನು ಕಾಗದದ ಮೇಲೆ ಕವುಚಿ ಗಾಜಿನ ಲೋಟ ಮುಚ್ಚಿದಳು. ಅಡಿಯಿಂದ ಪುಡಿ ಉದುರಿ ಅಚ್ಚು ಬೀಳಲು ಗಂಟೆಗಟ್ಟಲೆ ಬೇಕು. ಅವನು ಸಂಜೆಯವರೆಗೂ ಕದಲಲಿಲ್ಲ.

"ಲೋಟ ಆ ಕಡೆ ಇದೆ," ಎಂದಳು, ತಲೆಯೆತ್ತದೆ.

"ಗೊತ್ತು," ಎಂದ, ಅವಳಿಂದ ಕಣ್ಣು ಕೀಳದೆ.

ಬಸವನಹುಳು ಟೋಪಿಯ ಅಂಚು ತಿಂದಿತ್ತು. ಅಚ್ಚಿನಲ್ಲೂ ಆ ಕಚ್ಚು ಬಿತ್ತು. ಪುಡಿ ಅಳಿಸದಿರಲೆಂದು ಅವಳೇ ಹೇರ್ ಸ್ಪ್ರೇ ಹೊಡೆದು ಕೊಟ್ಟಳು. "ಸಾಯೋವರೆಗೂ ಇದನ್ನ ಯಾರಿಗೂ ಕೊಡಲ್ಲ," ಎಂದಿದ್ದ. ಆಮೇಲೆ ಪ್ರತಿ ಶನಿವಾರ ಬಂದ. ಅವಳು ಶುಕ್ರವಾರವೇ ಸೀರೆ ಆರಿಸಿಡತೊಡಗಿದಳು.

"ಅಚ್ಚು ತೆಗೆದವರು ಅನ್ನೋ ಕಡೆ ಅವನ ಹೆಸರೇ ಬರೀರಿ ಮೇಡಂ," ಎಂದಳು ಈಗ ಎದುರಿಗಿದ್ದ ಹುಡುಗಿ, ಚೀಟಿಯತ್ತ ಬೆರಳು ತೋರಿಸಿ.

ಪೆನ್ನು ನಿಂತಿತು. ಬರೆದುಬಿಟ್ಟರೆ ಈ ಹುಡುಗಿ ನಗುತ್ತಾ ಹೋಗುತ್ತಾಳೆ. ಆದರೆ ಹತ್ತು ವರ್ಷದಲ್ಲಿ ಅಣಬೆಯಕ್ಕ ಒಂದು ಚೀಟಿಯಲ್ಲೂ ಸುಳ್ಳು ಬರೆದವಳಲ್ಲ. ರಿಜಿಸ್ಟರ್ ತೆರೆದು, ಅದೇ ಟೋಪಿಯಿಂದ ಮ್ಯೂಸಿಯಮ್ಮಿಗೆಂದು ತೆಗೆದಿಟ್ಟ ಎರಡನೇ ಅಚ್ಚನ್ನು ಫ್ರೇಮಿನ ಪಕ್ಕ ಇಟ್ಟಳು. ಅದೇ ಕಚ್ಚು. ಕೆಳಗೆ ಅವಳದೇ ಸಹಿ.

"ತೆಗೆದದ್ದು ನಾನಮ್ಮ. ಅವರಿಗೋಸ್ಕರ."

ಹುಡುಗಿ ಎರಡೂ ಕಚ್ಚುಗಳನ್ನು ಹೋಲಿಸಿ ನೋಡಿದಳು. "ಶನಿವಾರ ಬರ್ತಿದ್ನಾ?"

"ಹೂಂ."

"ನನಗೆ ಮೈದಾನದಲ್ಲಿ ಮ್ಯಾಚ್ ಅಂತಿದ್ದ."

ಇಬ್ಬರ ಕಣ್ಣಿಗೂ ಒಟ್ಟಿಗೇ ಮಣ್ಣೆರಚಿದ್ದ. ಹುಡುಗಿ ಫ್ರೇಮನ್ನು ಅಲ್ಲೇ ಬಿಟ್ಟು ಹೊರಟುಹೋದಳು.

ಶನಿವಾರ ಅವನು ಕರವಸ್ತ್ರ ಹಿಡಿದು, ಅದೇ ನಗೆ ಹೊತ್ತು ಬಂದ. ಕೌಂಟರಿನ ಮೇಲಿನ ಫ್ರೇಮ್ ಕಂಡು ಮುಖ ಬಿಳಿಚಿತು.

"ಇದು... ಇಲ್ಲಿಗೆ ಹೇಗೆ..."

"ಗುರುತು ಹಿಡಿಯೋಕೆ ತಂದಿದ್ರು. ಸಿಕ್ತು."

"ಒಂದ್ನಿಮಿಷ ನನ್ನ ಮಾತು ಕೇಳು..."

ಕೇಳಬೇಕೆಂದು ಅವಳ ಜೀವ ಒದ್ದಾಡಿತು. ಇಂದೂ, ಶುಕ್ರವಾರವೇ ಆರಿಸಿಟ್ಟ ಸೀರೆಯನ್ನೇ ಉಟ್ಟಿದ್ದಳು. ಆದರೂ ಫ್ರೇಮನ್ನು ಅವನತ್ತ ತಳ್ಳಿ, ಅವನ ಹಿಂದೆ ನಿಂತವರ ಕಡೆ ನೋಡಿದಳು.

"ಮುಂದಿನವರು ಬನ್ನಿ," ಎಂದಳು.