ದಿನಕ್ಕೆರಡು ಸಲ, ಇಪ್ಪತ್ತು ನಿಮಿಷ

ಹನ್ನೊಂದು ವರ್ಷದಿಂದ ಔಷಧಿ ಅಂಗಡಿಯ ಕೌಂಟರ್ ಹಿಂದೆ ನಿಂತವಳಿಗೆ ಓದಲಾಗದ ಚೀಟಿ ಅಂತ ಒಂದೂ ಇರಲಿಲ್ಲ. ಕಾಗೆ ಕಾಲು ಗುಬ್ಬಿ ಕಾಲು ಅಕ್ಷರವನ್ನೂ ಒಂದೇ ನೋಟಕ್ಕೆ ಓದಿ, ತಿರುಗಿ ನೋಡದೆಯೇ ಕಪಾಟಿಗೆ ಕೈ ಹಾಕುತ್ತಿದ್ದಳು. ಆ ದಿನ ಕೈಗೆ ಬಂದ ಚೀಟಿಯಲ್ಲಿ ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು. ಆದರೂ ಎರಡು ಸಲ ಓದಿದಳು.

‘ಗೇಮ್ ಕಂಟ್ರೋಲರ್. ದಿನಕ್ಕೆರಡು ಸಲ, ಇಪ್ಪತ್ತು ನಿಮಿಷ. ಮೂರು ತಿಂಗಳು.’

“ಇದು ನಮ್ಮಲ್ಲಿ ಸಿಗಲ್ಲ ರೀ.”

“ಡಾಕ್ಟ್ರು ಚೀಟೀಲಿ ಬರೆದಿದಾರಲ್ಲ?”

“ಬರೆದಿದ್ದೆಲ್ಲ ಮೆಡಿಕಲ್ಸ್‌ನಲ್ಲಿ ಸಿಗುತ್ತಾ? ವಾಕಿಂಗ್ ಮಾಡಿ ಅಂತ ಬರೆದಿದ್ರೆ ರಸ್ತೆ ಪ್ಯಾಕ್ ಮಾಡಿ ಕೊಡ್ಲಾ?”

ಎದುರಿಗಿದ್ದವನು ನಕ್ಕುಬಿಟ್ಟ. ನಗುವಾಗ ಅವನ ಎಡಗಣ್ಣು ಬಲಗಣ್ಣಿಗಿಂತ ಸ್ವಲ್ಪ ಮೊದಲೇ ಮುಚ್ಚಿಕೊಂಡಿತು. ಅದನ್ನು ಗಮನಿಸುವ ಅಗತ್ಯ ಅವಳಿಗೇನೂ ಇರಲಿಲ್ಲ, ಆದರೂ ಗಮನಿಸಿದಳು.

ಅವನು ತಿರುವಿನಾಚೆಯ ಬೀಗ ರಿಪೇರಿಯವನು. ಕಬ್ಬಿಣದ ತಿಜೋರಿಯ ಬಾಗಿಲು ಬಿದ್ದು ಬಲಗೈ ಜಜ್ಜಿಹೋಗಿತ್ತು. ಆಪರೇಷನ್ ಆಗಿ ಮೂಳೆ ಕೂಡಿಕೊಂಡಿದ್ದರೂ ಬೆರಳುಗಳು ಇನ್ನೂ ಮಾತು ಕೇಳುತ್ತಿರಲಿಲ್ಲ. ಕೈ ವ್ಯಾಯಾಮ ಮಾಡಿಸುವ ಡಾಕ್ಟರು ರಬ್ಬರ್ ಚೆಂಡು ಕೊಟ್ಟರೆ ಎರಡೇ ದಿನಕ್ಕೆ ಬೇಜಾರಾಗಿ ಎಸೆದಿದ್ದನಂತೆ. ಅದಕ್ಕೇ ಈ ಹೊಸ ಮದ್ದು.

“ಬೀಗದೊಳಗೆ ಏನಾಗ್ತಿದೆ ಅಂತ ಬೆರಳ ತುದಿಗೆ ಗೊತ್ತಾಗ್ಬೇಕು,” ಎಂದ. “ಈಗ ಏನು ಮುಟ್ಟಿದ್ರೂ ಹತ್ತಿ ಮುಟ್ಟಿದ ಹಾಗಾಗುತ್ತೆ. ಎಡಗೈಲಿ ಮೆಷಿನ್‌ಗೆ ಕೊಟ್ಟು ನಕಲಿ ಕೀ ಮಾಡ್ತಾ ಇದೀನಿ. ಅದನ್ನ ಯಾರು ಬೇಕಾದ್ರೂ ಮಾಡ್ತಾರೆ.”

ನಗುತ್ತಲೇ ಹೇಳಿದ. ಆದರೆ ಹೇಳಿ ಮುಗಿಸಿದ ಮೇಲೆ ತನ್ನ ಕೈಯನ್ನು ಬೇರೆ ಯಾರದೋ ಕೈ ಎನ್ನುವ ಹಾಗೆ ನೋಡಿಕೊಂಡ.

ಎಷ್ಟೋ ವರ್ಷದಿಂದ ಅವಳ ಕೌಂಟರಿನಿಂದ ಯಾರೂ ಬರಿಗೈಯಲ್ಲಿ ಹಿಂದಿರುಗಿದ್ದಿಲ್ಲ. ಇಲ್ಲದ ಔಷಧಿಯನ್ನು ನಾಲ್ಕು ಕಡೆ ಫೋನ್ ಮಾಡಿ ತರಿಸಿಕೊಡುವ ಹೆಣ್ಣು ಅವಳು. ಹಾಗಾಗಿ ಬಾಯಿಂದ ಮಾತು ತಾನೇ ಜಾರಿತು. “ನನ್ನ ಹತ್ರ ಇದೆ. ಎರಡಿದೆ. ಮಧ್ಯಾಹ್ನ ಎರಡಕ್ಕೆ ಅಂಗಡಿ ಮುಚ್ತೀವಿ. ಹಿಂದಿನ ರೂಮಲ್ಲಿ ಎರಡು ಸಲದ್ದೂ ಒಟ್ಟಿಗೆ ಆಡಬಹುದು. ಚಿಕ್ಕಪ್ಪ ಇರ್ತಾರೆ,” ಎಂದು ಕೊನೆಯ ಮಾತನ್ನು ಸ್ವಲ್ಪ ಗಟ್ಟಿಯಾಗಿ ಸೇರಿಸಿದಳು.

ಆ ಆಟ ಅವಳ ತಂಗಿಯದು. ಮದುವೆಯಾಗಿ ದೂರ ಹೋಗುವಾಗ ಅಂಗಡಿಯ ಹಿಂದಿನ ರೂಮಿನ ಟಿವಿಗೆ ಜೋಡಿಸಿ ಕೊಟ್ಟು, “ಅಕ್ಕಾ, ಮೂವತ್ಮೂರಕ್ಕೇ ಎಕ್ಸ್‌ಪೈರಿ ಡೇಟ್ ನೋಡ್ತಾ ಕೂತು ಮುದುಕಿ ಆಗ್ಬೇಡ,” ಎಂದಿದ್ದಳು. ಅಕ್ಕ ಆಡಲು ಶುರು ಮಾಡಿ ಹನ್ನೆರಡು ದಿನ ಆಗಿತ್ತು. ಹನ್ನೆರಡು ದಿನದಲ್ಲಿ ಒಂಬತ್ತು ಸಲ ಆಟದೊಳಗಿನ ತೋಳದ ಬಾಯಿಗೆ ಬಿದ್ದಿದ್ದಳು. ಅವನ ಮುಂದೆ ಮಾತ್ರ ಆ ಮಾಯಾ ರಾಜ್ಯದಲ್ಲೇ ಹುಟ್ಟಿ ಬೆಳೆದವಳ ಹಾಗೆ ಗತ್ತಿನಿಂದ ಕೂತಳು.

ಹಿಂದಿನ ರೂಮೆಂದರೆ ಔಷಧಿ ಡಬ್ಬಗಳ ಗೋಡೆ, ಒಂದು ಹಳೇ ಸೋಫಾ, ಗುಂಯ್ ಎನ್ನುವ ಫ್ರಿಜ್ಜು. ಮೂಲೆಯ ಆರಾಮ ಕುರ್ಚಿಯಲ್ಲಿ ಅಂಗಡಿಯ ಯಜಮಾನ ಚಿಕ್ಕಪ್ಪ, ಮುಖದ ಮೇಲೆ ಪೇಪರ್ ಹೊದ್ದು ಮಲಗಿದ್ದರು.

“ಮೊದಲು ನೀವು ಯಾರಾಗ್ಬೇಕು ಅಂತ ಆರಿಸ್ಕೋಬೇಕು,” ಎಂದಳು. “ಯೋಧ, ಮಾಂತ್ರಿಕ, ಕಳ್ಳ. ನಾನು ವೈದ್ಯೆ. ಹೊಸಬರು ಯೋಧ ಆಗೋದು ಒಳ್ಳೇದು. ಹೊಡೆತ ತಡ್ಕೊಳ್ತಾನೆ.”

“ಬೀಗ ತೆಗೆಯೋಕೆ ಯಾರಿಗೆ ಬರುತ್ತೆ?”

“ಕಳ್ಳನಿಗೆ ಮಾತ್ರ.”

“ಇಲ್ಲೂ ಅದೇ ಅಪವಾದಾನಾ!” ಎಂದವನು ಕಳ್ಳನನ್ನೇ ಆರಿಸಿಕೊಂಡ.

ಮೊದಲ ದಿನ ಅವನ ಕಳ್ಳ ಗೋಡೆಗೆ ಮುಖ ಕೊಟ್ಟು ಹತ್ತು ನಿಮಿಷ ಓಡಿದ. ಬಾವಿಗೆ ಬಿದ್ದ. ಹಳ್ಳಿಯ ಮುಖಂಡನನ್ನು ತಪ್ಪಿ ಒದ್ದ. ಪೇಪರ್ ಅಡಿಯಿಂದ ಗೊರಕೆ ನಿಂತು, ಕಿಸಕ್ ಎಂಬ ಸದ್ದು ಬಂತು.

ಹೊರಡುವಾಗ ಅವಳು ಮಾತ್ರೆ ಹಾಕಿಕೊಡುವ ಪುಟ್ಟ ಕಾಗದದ ಕವರಿನ ಮೇಲೆ ಏನೋ ಗೀಚಿ ಕೊಟ್ಟಳು. ‘ಸೇವ್ ಮಾಡುವುದು: ಪ್ರತಿ ಕಾದಾಟಕ್ಕೆ ಮೊದಲು ಒಂದು, ನಂತರ ಒಂದು. ಮರೆಯಬಾರದು.’

ಅದೇ ಅಭ್ಯಾಸವಾಯಿತು. ದಿನಕ್ಕೊಂದು ಕವರು. ‘ಹಳ್ಳಿಯವರ ಜೊತೆ ಮಾತು: ದಿನಕ್ಕೆ ಮೂರು ಸಲ. ಯಾರನ್ನೂ ಬಿಡಬಾರದು, ಮುದುಕಮ್ಮನಿಗೇ ಎಲ್ಲ ದಾರಿ ಗೊತ್ತು.’ ‘ನಿಮಗಿಂತ ದೊಡ್ಡ ಪ್ರಾಣಿ ಕಂಡರೆ ಓಡುವುದು. ನಾಚಿಕೆ ಬೇಡ.’ ‘ಕಂಡ ವಿದ್ಯೆಯನ್ನೆಲ್ಲ ಕಲಿಯಲು ಹೋಗಬೇಡಿ. ಒಂದನ್ನೇ ಹಿಡಿದು ಬೆಳೆಸಿ.’

“ಡಾಕ್ಟ್ರೇ, ಇದನ್ನ ಊಟಕ್ಕೆ ಮೊದಲು ಓದ್ಬೇಕಾ, ಆಮೇಲಾ?”

“ನಾನು ಡಾಕ್ಟ್ರಲ್ಲ, ಫಾರ್ಮಸಿಸ್ಟ್.”

“ಗೊತ್ತು. ನೀವು ಮೂಗು ಮುರಿಯೋದು ನೋಡೋಕೆ ಹಾಗಂದೆ.”

ಕೆನ್ನೆ ಬೆಚ್ಚಗಾದದ್ದು ತೋರದಿರಲಿ ಎಂದು ಅವಳು ಕಂಟ್ರೋಲರಿನ ಮೇಲೆ ಇಲ್ಲದ ಧೂಳನ್ನು ಒರೆಸಿದಳು.

ಅವಳ ಸಲಹೆಗಳನ್ನೆಲ್ಲ ಪಾಲಿಸಿದವನು ಒಂದನ್ನು ಮಾತ್ರ ಕಿವಿಗೆ ಹಾಕಿಕೊಳ್ಳಲಿಲ್ಲ. ದಾರಿಯಲ್ಲಿ ಸಿಗುವ ಬೀಗ ಹಾಕಿದ ಪೆಟ್ಟಿಗೆಗಳನ್ನೆಲ್ಲ ತೆಗೆಯುತ್ತ ಕೂರಬೇಡಿ, ನಿಮ್ಮ ಲೆವೆಲ್‌ಗೆ ಮೀರಿದ್ದನ್ನು ಬಿಟ್ಟು ಮುಂದೆ ಹೋಗಿ ಎಂದು ಅವಳು ತಲೆ ತಲೆ ಚಚ್ಚಿಕೊಂಡಳು.

“ಬೀಗ ನೋಡಿ ಹಾಗೇ ಹೋಗೋದಾ? ಅದು ನನ್ನ ಕೈಲಾಗಲ್ಲ ಕಣ್ರೀ.”

ಕಾಡಿನ ನಡುವಿನ ಒಂದೇ ಪೆಟ್ಟಿಗೆಯ ಮುಂದೆ ಮೂರು ಮಧ್ಯಾಹ್ನ ಕಳೆದವು. ಕಂಟ್ರೋಲರಿನ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಬೇಕು, ಅದು ಸಣ್ಣಗೆ ನಡುಗಿದ ಕ್ಷಣ ನಿಲ್ಲಿಸಬೇಕು. ಬೆವರುತ್ತ, ನಾಲಿಗೆ ಕಚ್ಚಿಕೊಂಡು ತಿರುಗಿಸುತ್ತಿದ್ದ. ನಲವತ್ತು ಸಲ ಕಳ್ಳನ ಬೀಗ ತೆಗೆಯುವ ಕಡ್ಡಿ ಮುರಿಯಿತು. ಮೂರನೇ ದಿನ ಅವನು ಇದ್ದಕ್ಕಿದ್ದ ಹಾಗೆ ಉಸಿರು ಬಿಗಿಹಿಡಿದ.

“ಗೊತ್ತಾಯ್ತು,” ಎಂದು ಪಿಸುಗುಟ್ಟಿದ. “ತೋರುಬೆರಳಿಗೆ ಗೊತ್ತಾಯ್ತು ರೀ!”

ಪೆಟ್ಟಿಗೆ ತೆರೆಯಿತು. ಒಳಗೆ ಒಂದು ಹರಕಲು ಬೂಟು. ಇಬ್ಬರೂ ಸೋಫಾದ ಮೇಲೆ ಉರುಳಾಡಿ ನಕ್ಕರು. ನಗು ನಿಂತಾಗ ಅವನ ಕಣ್ಣು ಒದ್ದೆಯಾಗಿತ್ತು, ಅವಳದೂ. ಅಂದು ಮನೆಗೆ ಹೋಗುವಾಗ ತಾನು ಈ ಮನುಷ್ಯನನ್ನು ಇಷ್ಟಪಟ್ಟಾಗಿದೆ ಎಂದು ಅವಳಿಗೆ ಸ್ಪಷ್ಟವಾಗಿ ಗೊತ್ತಾಯಿತು.

ಎಂಟನೇ ವಾರ ಸೇತುವೆಯ ಮೇಲಿನ ಡ್ರ್ಯಾಗನ್ ಎದುರಾಯಿತು. ಕಳ್ಳ ಅದರ ಕಾಲ ಸಂದಿಯಲ್ಲಿ ನುಸುಳಿ ನುಸುಳಿ ಚುಚ್ಚಿದ. ಡ್ರ್ಯಾಗನ್ ಬೆಂಕಿ ಉಗುಳಿತು.

“ಮದ್ದು ಕೊಡಿ, ಮದ್ದು! ಒಂದೇ ಗೆರೆ ಪ್ರಾಣ ಉಳಿದಿದೆ!”

“ಇರಿ, ಇನ್ನೂ ಒಂದು ಗೆರೆ ಇದೆಯಲ್ಲ.”

ಕಳ್ಳ ಸುಟ್ಟು ಕರಕಲಾದ. ಬೀಗ ರಿಪೇರಿಯವನು ಎಡಗೈ ಚಾಚಿ ಅವಳ ಕಂಟ್ರೋಲರಿನ ಒಂದು ಗುಂಡಿ ಒತ್ತಿದ. ಪರದೆಯ ಮೇಲೆ ವೈದ್ಯೆಯ ಚೀಲ ಬಿಚ್ಚಿಕೊಂಡಿತು. ಕೆಂಪು ಮದ್ದಿನ ಸೀಸೆ, ಇನ್ನೂರ ಹದಿನಾಲ್ಕು. ಒಂದರ ಮುಚ್ಚಳವನ್ನೂ ತೆಗೆದಿರಲಿಲ್ಲ.

“ಇಷ್ಟೆಲ್ಲ ಇಟ್ಕೊಂಡು ನನ್ನ ಸಾಯೋಕೆ ಬಿಟ್ರಾ?”

“ಮುಂದೆ ಬೇಕಾಗುತ್ತೆ ಅಂತ...”

“ನಾನೇ ಇಲ್ಲ ಅಂದ್ಮೇಲೆ ಯಾರಿಗ್ರೀ ಬೇಕಾಗುತ್ತೆ?”

“ಸ್ಟಾಕ್ ಇಟ್ಕೊಂಡು ಇಲ್ಲ ಅನ್ನೋದು ಕಾನೂನು ಪ್ರಕಾರ ತಪ್ಪು ಕಣಮ್ಮ,” ಎಂದಿತು ಪೇಪರ್ ಅಡಿಯ ದನಿ.

ಅವಳಿಗೆ ನಗು ಬರಲಿಲ್ಲ. ಅಂಗಡಿ ಸೇರಿದ ಹೊಸತರಲ್ಲಿ ಒಬ್ಬ ತಾಯಿ ಓಡಿ ಬಂದು ಕೇಳಿದ ಇಂಜೆಕ್ಷನ್ ಮುಗಿದುಹೋಗಿತ್ತು. ಬೇರೆ ಕಡೆ ಸಿಕ್ಕಿತು, ಮಗು ಉಳಿಯಿತು. ಆದರೆ ಇಲ್ಲ ಎಂದು ತಾನು ಹೇಳಿದಾಗಿನ ಆ ತಾಯಿಯ ಮುಖ ಇಂದಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಲ್ಲಿಂದ ಇದ್ದುದನ್ನು ಉಳಿಸುವುದೇ ಸ್ವಭಾವವಾಯಿತು ಎಂದು ಅವನಿಗೆ ಹೇಳಿದಳು. ಯಾರಿಗೂ ಹೇಳಿರದ ಮಾತು ಅದು.

ಅವನು ತಮಾಷೆ ಮಾಡಲಿಲ್ಲ. “ಸರಿ, ಇವತ್ತು ನಾನು ಚೀಟಿ ಬರೀತೀನಿ,” ಎಂದು ಕವರು ತೆಗೆದುಕೊಂಡ. ಎಡಗೈಯ ಸೊಟ್ಟ ಅಕ್ಷರದಲ್ಲಿ ಬರೆದ: ‘ಮದ್ದು: ನೋವಾದ ಕೂಡಲೇ ಕುಡಿಯುವುದು. ಸಾಯುವ ತನಕ ಕಾಯಬಾರದು.’ ಮರುದಿನ ಅವಳು ಮೂವತ್ತೊಂದು ಸೀಸೆ ಸುರಿದಳು, ಡ್ರ್ಯಾಗನ್ ಬಿತ್ತು. ಚಿಕ್ಕಪ್ಪ ನಿದ್ದೆಯ ನಾಟಕ ಮರೆತು ಎದ್ದು ಚಪ್ಪಾಳೆ ತಟ್ಟಿದರು.

ಇಷ್ಟರಲ್ಲಿ ಇನ್ನೊಂದು ಲೆಕ್ಕ ಅವಳ ತಲೆ ತಿನ್ನುತ್ತಿತ್ತು. ಅವನು ವಾರಕ್ಕೊಮ್ಮೆ ಡಾಕ್ಟರ ಹತ್ತಿರ ಹೋಗಿ ಬಂದು ಕೈಯ ಹಿಡಿತ ಎಷ್ಟಾಯಿತೆಂದು ಹೇಳುತ್ತಿದ್ದ. ಅವಳು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡುತ್ತಿದ್ದಳು. ಆರು ಕೇಜಿ, ಹತ್ತು, ಹದಿನಾಲ್ಕು, ಹದಿನೆಂಟು. ಮೂವತ್ತು ಮುಟ್ಟಿದರೆ ಮಣಿಕಟ್ಟಿಗೆ ಸುತ್ತಿದ್ದ ಕೈಪಟ್ಟಿ ಬಿಚ್ಚುತ್ತಾರೆ, ಚೀಟಿ ಮುಗಿಯುತ್ತದೆ. ಮುಗಿದ ಮೇಲೆ ಅವನೇಕೆ ಮಧ್ಯಾಹ್ನ ಎರಡಕ್ಕೆ ಬರಬೇಕು?

ಮೂರು ವಾರದಿಂದ ಅಂಕಿ ಹದಿನೆಂಟರಲ್ಲೇ ನಿಂತಿತ್ತು. ಮೊದಲೆರಡು ಸಲ ಕೇಳಿದಾಗ ಅವಳ ಎದೆಯೊಳಗೆ ಸಣ್ಣಗೆ ಖುಷಿಯಾಯಿತು. ಮೂರನೇ ಸಲ ತನ್ನ ಮೇಲೆ ತನಗೇ ಹೇಸಿಗೆ. ಔಷಧಿ ಕೊಡುವ ಕೈಯವಳು ಒಬ್ಬನ ಕೈ ವಾಸಿಯಾಗದಿರಲಿ ಎಂದು ಬಯಸುವುದೇ? ಅದೂ ಆ ಕೈಯಿಂದಲೇ ಬದುಕುವವನದು?

ಎರಡು ದಿನ ಅನ್ನ ಸೇರಲಿಲ್ಲ. ಮೂರನೇ ದಿನ ಗಟ್ಟಿ ಮನಸ್ಸು ಮಾಡಿದಳು.

“ನಾಳೆಯಿಂದ ಆಟ ಬೇಡ. ಇದರಿಂದ ಗುಣ ಕಾಣ್ತಿಲ್ಲ. ದೊಡ್ಡ ಆಸ್ಪತ್ರೇಲಿ ಕೈ ಸ್ಪೆಷಲಿಸ್ಟ್ ಇದಾರೆ, ನಾನು ಅಪಾಯಿಂಟ್‌ಮೆಂಟ್ ತಗೊಂಡಿದೀನಿ. ಹೋಗಿ ಬನ್ನಿ.”

ಅವನ ಮುಖ ಬಿಳಿಚಿಕೊಂಡಿತು. “ಅಯ್ಯೋ, ಅಷ್ಟೆಲ್ಲ ಯಾಕ್ರೀ? ಇನ್ನೊಂದು ನಾಲ್ಕು ವಾರ ನೋಡೋಣ.”

“ಬೇಡ. ಹೋಗಲೇಬೇಕು,” ಎಂದು ಒಳಗೆ ಹೋಗಿ ಟಿವಿಯ ಸ್ವಿಚ್ ಆರಿಸಿದಳು. ಅವನು ಕೈಪಟ್ಟಿ ಸರಿಮಾಡಿಕೊಳ್ಳುತ್ತ ಹೊರಟುಹೋದ. ಅವಳು ಡಬ್ಬಗಳ ನಡುವೆ ಕೂತು ಚೆನ್ನಾಗಿ ಅತ್ತಳು.

ಮರುದಿನ ಬೆಳಿಗ್ಗೆ ಅಂಗಡಿಯ ಶಟರ್ ಏಳಲಿಲ್ಲ. ಚಿಕ್ಕಪ್ಪ ಅವಸರದಲ್ಲಿ ತಿರುಗಿಸಿದ ಕೀ ಬೀಗದೊಳಗೇ ಮುರಿದು ಕೂತಿತ್ತು. ಆಗಲೇ ಒಬ್ಬ ಮನುಷ್ಯ ಏದುಸಿರು ಬಿಡುತ್ತ ಬಂದ. ಮಗಳಿಗೆ ಉಬ್ಬಸ ಹೆಚ್ಚಾಗಿದೆ, ಪಂಪು ಖಾಲಿ. ಹತ್ತಿರದ ಇನ್ನೊಂದು ಅಂಗಡಿ ತೆಗೆಯುವುದು ಹತ್ತಕ್ಕೆ.

ಚಿಕ್ಕಪ್ಪ ಯಾವಾಗಲೋ ಫೋನ್ ಮಾಡಿ ಆಗಿತ್ತು. ತಿರುವಿನಿಂದ ಬೀಗ ರಿಪೇರಿಯವನು ಓಡಿ ಬರುತ್ತಿದ್ದ, ಕಾಲಲ್ಲಿ ಚಪ್ಪಲಿಯೂ ಇರಲಿಲ್ಲ.

ಯಾರ ಮುಖವನ್ನೂ ನೋಡದೆ ಮೊಣಕಾಲೂರಿ ಕೂತ. ಹಲ್ಲಿನಿಂದ ಕೈಪಟ್ಟಿಯ ಗಂಟು ಎಳೆದು ಬಿಸಾಡಿದ. ಬಲಗೈಯಲ್ಲಿ ತೆಳ್ಳನೆಯ ಕಡ್ಡಿ ಹಿಡಿದು ಬೀಗದೊಳಗೆ ತೂರಿಸಿ ಕಣ್ಣು ಮುಚ್ಚಿದ. ಐದೂ ಬೆರಳು ಒಂದರ ಮಾತು ಇನ್ನೊಂದು ಕೇಳುವ ಹಾಗೆ ಮೆಲ್ಲಗೆ ಆಡಿದವು. ಮುರಿದ ಚೂರು ಹೊರಬಂತು. ಇನ್ನೊಂದು ತಿರುವು, ಟಕ್. ಶಟರ್ ಮೇಲೆದ್ದಿತು.

ಅವಳು ಒಳಗೆ ನುಗ್ಗಿ ಪಂಪು ತಂದುಕೊಟ್ಟಳು. ಎಷ್ಟು ಸಲ, ಹೇಗೆ ಎಂದು ಬಿಡಿಸಿ ಹೇಳಿದಳು. ಆ ತಂದೆ ಓಡಿದ. ಆಮೇಲೆ ಸೊಂಟಕ್ಕೆ ಕೈ ಕೊಟ್ಟು ತಿರುಗಿದಳು.

“ಯಾವಾಗಿಂದ?”

ಅವನು ನೆಲ ನೋಡಿದ. “ಮೂರು ವಾರ. ಬೆಳಿಗ್ಗೆ ಎಲ್ಲಾ ಬೀಗದ ಕೆಲಸ ಮಾಡಿ, ಮಧ್ಯಾಹ್ನ ಪಟ್ಟಿ ಸುತ್ಕೊಂಡು ಬರ್ತಿದ್ದೆ. ಈಗಲೂ ಓಡ್ತಾನೇ ಸುತ್ಕೊಂಡೆ. ಹಿಡಿತ ಈಗ ಮೂವತ್ತಾರಿದೆ.”

“ಮೂವತ್ತಾರು! ನಾನು ಇಲ್ಲಿ ಸ್ಪೆಷಲಿಸ್ಟ್‌ಗೆ ಫೋನ್ ಮಾಡಿ ಕೈಕಾಲು ಹಿಡೀತಾ ಇದ್ರೆ...”

“ಸುಳ್ಳು ಹೇಳಿದ್ದು ತಪ್ಪು. ಆದ್ರೆ ವಾಸಿ ಆಯ್ತು ಅಂದ್ರೆ ಇಲ್ಲಿಗೆ ಬರೋಕೆ ಏನು ನೆಪ ಇತ್ತು ಹೇಳಿ? ನಂಗೆ ಆಟ ಹಾಳಾಗಿ ಹೋಗ್ಲಿ. ನೀವು ಬೇಕು.”

ಎಷ್ಟು ಸಲೀಸಾಗಿ ಹೇಳಿಬಿಟ್ಟ! ಅವಳ ಸಿಟ್ಟು ಎಲ್ಲಿ ಹೋಯಿತೋ ಹುಡುಕಿದರೂ ಸಿಗಲಿಲ್ಲ.

“ನಾನು ನಿಮಗಿಂತ ಕೆಟ್ಟವಳು,” ಎಂದಳು. “ಈ ಕೈ ವಾಸಿ ಆಗ್ದೇ ಇರ್ಲಿ ಅಂತ ಅಂದ್ಕೊಂಡಿದ್ದೆ. ಒಂದು ದಿನ ಅಲ್ಲ, ಎರಡು ವಾರ.”

“ನಿಜವಾಗ್ಲೂ?” ಅವನ ಮುಖ ಊರಗಲವಾಯಿತು. “ಇಷ್ಟು ಒಳ್ಳೇ ಮಾತು ನಂಗೆ ಇದುವರೆಗೂ ಯಾರೂ ಹೇಳಿಲ್ಲ ಕಣ್ರೀ.”

ಅವಳು ಅಳುತ್ತಲೇ ನಕ್ಕು, ಕೌಂಟರಿನ ಮೇಲೆ ಅವನ ಬಲಗೈಯನ್ನು ಎಳೆದುಕೊಂಡಳು. ಹೆಬ್ಬೆರಳು ಮಡಚಿಸಿದಳು, ತೋರುಬೆರಳು, ಮಧ್ಯದ್ದು. ಒಂದೊಂದನ್ನೂ ಪರೀಕ್ಷೆ ಮಾಡುವವಳ ಹಾಗೆ ಒತ್ತಿ ನೋಡಿದಳು. ಕಿರುಬೆರಳಿನ ಪರೀಕ್ಷೆ ಮುಗಿದ ಮೇಲೂ ಕೈ ಬಿಡಲಿಲ್ಲ. ಅವನು ಕೌಂಟರಿನ ಒಳಬದಿಗೆ ಬಂದು ಬೆರಳು ಹೆಣೆದ. ಚಿಕ್ಕಪ್ಪ ಕೆಮ್ಮಿ, ಇದ್ದಕ್ಕಿದ್ದ ಹಾಗೆ ಹಿಂದಿನ ರೂಮಿಗೆ ಹೋಗಿ ಫ್ರಿಜ್ಜಿನ ಬಾಗಿಲು ತೆಗೆದು ಅದರೊಳಗೆ ಏನೋ ಹುಡುಕತೊಡಗಿದರು.

ಅಷ್ಟರಲ್ಲಿ ಒಬ್ಬರು ಅಜ್ಜಿ ಚೀಟಿ ಹಿಡಿದು ಬಂದರು. ಇವಳು ಎಡಗೈಯಲ್ಲೇ ಚೀಟಿ ತೆಗೆದುಕೊಂಡು, ಎಡಗೈಯಲ್ಲೇ ಕಪಾಟು ತೆರೆದು, ಮಾತ್ರೆ ಎಣಿಸಲು ಪರದಾಡತೊಡಗಿದಳು. ಬಲಗೈ ಕೌಂಟರಿನ ಅಡಿಯಲ್ಲಿತ್ತು.

“ಬಲಗೈಗೆ ಏನಾಯ್ತಮ್ಮಾ?” ಎಂದರು ಅಜ್ಜಿ ಕಳವಳದಿಂದ.

“ಏನಿಲ್ಲ ಅಜ್ಜಿ,” ಎಂದಳು. “ಒಬ್ಬರಿಗೆ ಕೊಟ್ಟಿದೀನಿ.”