ಅಮಾವಾಸ್ಯೆಗೊಮ್ಮೆ ಕೆಡುವ ಬ್ರೇಕು

ನನ್ನ ಕೈಯಲ್ಲಿ ರಿಪೇರಿಯಾದ ಗಾಡಿ ಅದೇ ರೋಗ ಹೊತ್ತುಕೊಂಡು ಎರಡನೇ ಸಲ ಬಂದರೆ ನನಗೆ ಅನ್ನ ಇಳಿಯುವುದಿಲ್ಲ. ಇದು ಜಂಬದ ಮಾತಲ್ಲ, ನನ್ನ ಸ್ವಭಾವವೇ ಹಾಗೆ. ಮಾನ್ವಿಯಲ್ಲಿ ರಾಯಚೂರು ರಸ್ತೆಗೆ ಹತ್ತಿಕೊಂಡೇ ನನ್ನ ಗ್ಯಾರೇಜಿದೆ. ಯಲ್ಲಾಲಿಂಗ ಮಿಸ್ತ್ರಿ ಎಂದು ಕೇಳಿದರೆ ಯಾರಾದರೂ ತೋರಿಸುತ್ತಾರೆ. ಬಲು ಸಿಡುಕ ಎಂದೂ ಸೇರಿಸುತ್ತಾರೆ, ಸೇರಿಸಲಿ.

ಅಂಥ ನನ್ನ ಬಾಗಿಲಿಗೆ ಮಲ್ಲಟದ ಅಂಬಿಕಾಳ ಗಾಡಿ ಮೂರನೇ ಸಲ ಬಂದು ನಿಂತಿತು. ಅದೇ ಹಿಂದಿನ ಬ್ರೇಕು.

ಗಾಡಿ ಎಂದರೆ ಮುಂದೆ ಮೋಟರ್ ಸೈಕಲ್, ಹಿಂದೆ ಎರಡು ಗಾಲಿಯ ಮೇಲೆ ತಗಡಿನ ಡಬ್ಬ. ಡಬ್ಬದ ತುಂಬ ಬಟ್ಟೆಯಲ್ಲಿ ಸುತ್ತಿದ ಜೋಳದ ರೊಟ್ಟಿ. ಆಕೆ ಮತ್ತು ಓಣಿಯ ಹೆಂಗಸರು ಸೇರಿ ಬಡಿದ ರೊಟ್ಟಿ ಮಾನ್ವಿಯ ಖಾನಾವಳಿಗಳಿಗೂ ರಾಯಚೂರಿಗೂ ಆ ಗಾಡಿಯಲ್ಲೇ ಹೋಗುತ್ತದೆ. ಸೆರಗು ಸೊಂಟಕ್ಕೆ ಸಿಗಿಸಿ, ಹೆಲ್ಮೆಟ್ ಹಾಕಿಕೊಂಡು ಆಕೆ ಬರುವುದನ್ನು ನೋಡುತ್ತ ಎದುರಿನ ಪಂಚರ್ ಅಂಗಡಿಯ ಜಿಲಾನಿ ಪಾಷಾ ಚಹಾ ಕುಡಿಯುವುದನ್ನೇ ಮರೆಯುತ್ತಾನೆ. ನಾನು ಹಾಗೆಲ್ಲ ನೋಡುವವನಲ್ಲ. ನನ್ನ ಚಹಾ ಮಾತ್ರ ಯಾಕೋ ಆರಿ ಹೋಗಿರುತ್ತದೆ.

ಇನ್ನೊಂದು ವಿಷಯ. ಗ್ಯಾರೇಜಿಗೆ ಬರುವ ಹೆಣ್ಣುಮಕ್ಕಳೆಲ್ಲ ನನ್ನನ್ನು ಬಾಯಿ ತುಂಬ ಅಣ್ಣಾ ಎನ್ನುತ್ತಾರೆ. ಈಕೆ ಮೊದಲ ದಿನದಿಂದಲೂ ಮಿಸ್ತ್ರಿ ಎಂದೇ ಕರೆದಳು. ಅದನ್ನು ನಾನು ಗಮನಿಸಿದ್ದೆ. ನಾನು ಗಮನಿಸಿದ್ದು ಆಕೆಗೂ ಗೊತ್ತಿತ್ತು ಎಂದು ನನ್ನ ಅನುಮಾನ.

ರೋಗ ಹೀಗಿತ್ತು. ಬ್ರೇಕು ಒತ್ತಿದರೆ ಬಲಗಡೆಯ ಗಾಲಿ ಹಿಡಿಯುತ್ತದೆ, ಎಡಗಡೆಯದು ಜಾರುತ್ತದೆ. ಆಗ ಗಾಡಿ ಬಲಕ್ಕೆ, ಎದುರು ಬರುವ ಲಾರಿಯ ಕಡೆಗೇ ಎಳೆಯುತ್ತದೆ. ಮೊದಲ ಸಲ ಬಿಚ್ಚಿದಾಗ ಎಡಗಡೆಯ ಡ್ರಮ್ಮಿನೊಳಗೆಲ್ಲ ಎಣ್ಣೆ, ಗಾಲಿ ಹಿಡಿದು ನಿಲ್ಲಿಸುವ ಬ್ರೇಕ್ ಶೂಗಳು ತೊಯ್ದು ಹೋಗಿದ್ದವು. ಗೇರ್ ಬಾಕ್ಸಿನ ಎಣ್ಣೆ ಸೋರಿರಬೇಕೆಂದು ಅದನ್ನು ತಡೆಯುವ ಸೀಲ್ ಬದಲಿಸಿ, ಹೊಸ ಶೂ ಹಾಕಿ ಕಳಿಸಿದೆ. ತಿಂಗಳಿಗೆ ಮತ್ತೆ ಬಂದಳು, ಮತ್ತೆ ಎಣ್ಣೆ. ಈ ಸಲ ರಾಯಚೂರಿನಿಂದ ಕಂಪನಿ ಸೀಲನ್ನೇ ತರಿಸಿ ಹಾಕಿ, ಕೂಲಿ ಬೇಡವೆಂದೆ. ಆಕೆ ಸ್ಟೀಲ್ ಡಬ್ಬಿಯಲ್ಲಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ತುಂಬಿ ನನ್ನ ಟೂಲ್ ಬಾಕ್ಸಿನ ಮೇಲೆ ಇಟ್ಟಳು.

"ಮತ್ತ ಬರೂ ಹಂಗ ಮಾಡಬ್ಯಾಡ್ರಿ, ಮಿಸ್ತ್ರಿ," ಎಂದಳು. ತುಟಿ ಗಂಭೀರವಾಗಿತ್ತು, ಕಣ್ಣು ನಗುತ್ತಿತ್ತು.

"ಬಂದ್ರ ಏನಾತ್ರಿ?"

ಬಾಯಿ ತಪ್ಪಿ ಬಂದ ಮಾತು. ನನ್ನ ಕಿವಿ ಬಿಸಿಯಾದವು. ಆಕೆ ಹೆಲ್ಮೆಟ್ಟಿನ ಪಟ್ಟಿ ಹಾಕಿಕೊಳ್ಳಲು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡಳು.

ಆದರೆ ಮೂರನೇ ಸಲ ಬಂದಾಗ ಕಣ್ಣಲ್ಲೂ ನಗು ಇರಲಿಲ್ಲ. ಕವಿತಾಳ ಊರಿಗೆ ರೊಟ್ಟಿ ಕೊಡಲು ಹೋದಾಗ ಗಾಡಿ ಬಲಕ್ಕೆ ಎಳೆದು, ಎದುರಿನ ಬಸ್ಸಿನವನು ತಪ್ಪಿಸಿದ್ದರಿಂದ ಉಳಿದಿದ್ದಳು. ಸುದ್ದಿ ಅಪ್ಪನ ಕಿವಿಗೆ ಬಿದ್ದಿತ್ತು. ಇನ್ನೊಮ್ಮೆ ಬ್ರೇಕು ಕೆಟ್ಟರೆ ಗಾಡಿ ಮಾರುವುದೇ ಸೈ ಎಂದು ಆತ ಹಠ ಹಿಡಿದಿದ್ದನಂತೆ. ಕೊಳ್ಳುವವರು ದೇವದುರ್ಗದಲ್ಲಿ ತಯಾರಿದ್ದರು. ಗಾಡಿ ಹೋದರೆ ರೊಟ್ಟಿ ವ್ಯಾಪಾರವೂ ಹೋದಂತೆ, ಮತ್ತೆ ಮನೆಯೊಳಗೇ ಕೂಡಬೇಕು ಎಂದಳು. ಹೇಳುವಾಗ ದನಿ ಸಣ್ಣಗಾಯಿತು.

ಅಷ್ಟರಲ್ಲಿ ಜಿಲಾನಿ ಪಾಷಾ ಎದುರಿನಿಂದ ಬಾಯಿ ಹಾಕಿದ. ತಮಾಷೆ ಎಲ್ಲಿ ಮಾಡಬೇಕೆಂದು ಅವನಿಗೆ ಹುಟ್ಟಿನಿಂದಲೇ ತಿಳಿಯದು.

"ಬ್ರೇಕಿಗೆ ಏನೂ ಆಗಿಲ್ಲವ್ವಾ, ರೋಗ ಮಿಸ್ತ್ರಿಗೇ ಹತ್ತ್ಯದ. ಪೂರಾ ಸರಿ ಮಾಡಿದ್ರ ನೀ ಬರೂದಿಲ್ಲಲ್ಲ!"

ಆಕೆ ನನ್ನ ಮುಖ ನೋಡಿದಳು. ಸುಳ್ಳೆಂದು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಆ ಗಾಡಿಯ ಸದ್ದು ಕೇಳಿದಾಗೆಲ್ಲ ಒಳಗೊಳಗೇ ಖುಷಿಪಟ್ಟವನು ನಾನು. ಮುಖ ಕೆಂಪಾಯಿತು, ನಾಲಿಗೆ ಏಳಲಿಲ್ಲ. ಆಕೆಗೆ ಅಷ್ಟೇ ಸಾಕಾಯಿತು.

"ಗಾಡಿ ಸರಿ ಮಾಡಿ ಕೊಡ್ರಿ, ಅಣ್ಣಾ."

ಸುತ್ತಿಗೆ ಕಾಲ ಮೇಲೆ ಬಿದ್ದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಕೂತು ಡ್ರಮ್ ಬಿಚ್ಚಿದೆ. ಮತ್ತೆ ಎಣ್ಣೆ. ಈ ಸಲ ಬೆರಳಿಗೆ ಹಚ್ಚಿಕೊಂಡು ಮೂಸಿದೆ. ಗೇರ್ ಬಾಕ್ಸಿನ ಎಣ್ಣೆಯ ಘಾಟು ನನಗೆ ಗೊತ್ತು, ಇದು ಅದಲ್ಲ. ಚಿಕ್ಕಂದಿನಲ್ಲಿ ನಮ್ಮವ್ವ ನೆತ್ತಿಗೆ ತಟ್ಟುತ್ತಿದ್ದ ಔಡಲೆಣ್ಣೆ! ಎಂಥ ದಡ್ಡ ನಾನು, ಮೊದಲೇ ಮೂಸಬಾರದಿತ್ತೇ?

ಗಾಡಿ ಯಾವಾಗ ಕೆಡುತ್ತದೆಂದು ಕೇಳಿದೆ. ಅಮಾವಾಸ್ಯೆಯ ದಿನ ಓಡಿಸುವುದಿಲ್ಲ, ತೊಳೆದು ಪೂಜೆ ಮಾಡುತ್ತೇವೆ, ಮರುದಿನ ತೆಗೆದರೆ ಕೆಟ್ಟಿರುತ್ತದೆ ಎಂದು ಬೇರೆ ಕಡೆ ನೋಡುತ್ತ ಹೇಳಿದಳು. ಎಡಗಾಲಿಯ ಒಳಬದಿಯಲ್ಲಿ ಡ್ರಮ್ ಮುಚ್ಚುವ ತಟ್ಟೆಯನ್ನು ನೋಡಿದೆ. ಶೂ ಸವೆದಿದೆಯೇ ಎಂದು ಇಣುಕಲು ಅಲ್ಲೊಂದು ಸಣ್ಣ ತೂತು ಇರುತ್ತದೆ. ಬಲಗಡೆ ಅದಕ್ಕೆ ರಬ್ಬರ್ ಬಿರಡೆ ಇತ್ತು, ಎಡಗಡೆಯದು ಎಂದೋ ಉದುರಿತ್ತು. ಆ ಅಳತೆಯ ಬಿರಡೆ ನನ್ನಲ್ಲಿರಲಿಲ್ಲ, ಮುಂದಿನ ಅಮಾವಾಸ್ಯೆಯೊಳಗೆ ತರಿಸಬೇಕಿತ್ತು. ಹೊಸ ಶೂ ಹಾಕಿ ಕಳಿಸಿದೆ. ಆಕೆ ಕೂಲಿ ಕೊಟ್ಟು, ತಿರುಗಿ ನೋಡದೆ ಹೋದಳು.

ಮುಂದಿನ ಅಮಾವಾಸ್ಯೆಗೆ ನಾನೇ ಮಲ್ಲಟಕ್ಕೆ ಹೊರಟೆ. ಚೀಲದಲ್ಲಿ ರಾಯಚೂರಿನಿಂದ ತರಿಸಿದ ಬಿರಡೆ, ಬೇಕಾದರೆ ಇರಲೆಂದು ಒಂದು ಜೊತೆ ಬ್ರೇಕ್ ಶೂ, ಮತ್ತೆ ಆಕೆಯ ಡಬ್ಬಿ. ಡಬ್ಬಿ ಖಾಲಿ ಕೊಡಬಾರದೆಂದು ಸಕ್ಕರೆ ತುಂಬಿದ್ದೆ.

ಅಂಗಳದಲ್ಲಿ ತೊಳೆದ ಗಾಡಿ ನಿಂತಿತ್ತು. ಹ್ಯಾಂಡಲ್ಲಿಗೆ ಚೆಂಡುಹೂವು, ಮೂರೂ ಗಾಲಿಗೆ ವಿಭೂತಿ. ಅಂಬಿಕಾಳ ಅಪ್ಪ ಗದ್ದೆಪ್ಪ ಎಡಗಾಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು, ಬಿದಿರಿನ ಕೊಳವೆಯಿಂದ ಆ ತೂತಿನೊಳಗೆ ಔಡಲೆಣ್ಣೆ ಬಿಡುತ್ತಿದ್ದ. ದೇವರಿಗೆ ನೀರು ಎರೆಯುವಷ್ಟು ನಿಧಾನ, ಅಷ್ಟೇ ಭಕ್ತಿ. ಆತ ಜೀವಮಾನವೆಲ್ಲ ಎತ್ತಿನ ಬಂಡಿ ಹೊಡೆದವನು. ಎತ್ತು ಹೋಗಿದ್ದವು, ಬಂಡಿಯೂ ಹೋಗಿತ್ತು, ಕೀಲೆಣ್ಣೆಯ ಕೊಳವೆ ಉಳಿದಿತ್ತು.

ನಾನು ಮಿಸ್ತ್ರಿ ಎಂದು ತಿಳಿದದ್ದೇ ಆತನಿಗೆ ಖುಷಿಯಾಯಿತು.

"ಗಾಲಿ ಒಣಗಬಾರದಪ್ಪಾ, ಮಗಳು ಕುಂದ್ರೂ ಗಾಡಿ. ಎಣ್ಣಿ ಹಾಕಾಕಂತ್ಲೇ ತೂತು ಬಿಟ್ಟಾರ ನೋಡು. ಆ ಕಡೀದು ಯಾರೋ ತಿಳಿಗೇಡಿ ಮುಚ್ಚ್ಯಾನ."

ನನಗೆ ಸಿಟ್ಟು ನೆತ್ತಿಗೇರಿತು. ಎಷ್ಟು ಶೂ, ಎಷ್ಟು ಸೀಲು, ಮೇಲೆ ಅಣ್ಣಾ ಬೇರೆ! ಒಂದು ಕೂಗು ಹಾಕಿದ್ದರೆ ಒಳಗಿದ್ದ ಅಂಬಿಕಾ ಹೊರಗೆ ಬರುತ್ತಿದ್ದಳು, ನನ್ನ ಹೆಸರಿಗೆ ಹತ್ತಿದ ಕಳಂಕ ಅಲ್ಲೇ ತೊಳೆದು ಹೋಗುತ್ತಿತ್ತು. ಆದರೆ ಮುದುಕನ ಕೈ ನೋಡಿದೆ. ಒಂದು ಹನಿಯೂ ಚೆಲ್ಲದಂತೆ ಕೊಳವೆಗೆ ಬೆರಳು ಅಡ್ಡ ಹಿಡಿದಿದ್ದ. ಕೂಗಲಾಗಲಿಲ್ಲ. ಪಕ್ಕದಲ್ಲಿ ಕೂತೆ.

"ಯಪ್ಪಾ, ಎತ್ತಿನ ಬಂಡಿಗೆ ಬ್ರೇಕ್ ಇರಲಿಲ್ಲ, ಇದಕ್ಕ ಅದ. ಒಳಗ ಎಣ್ಣಿ ಬಿದ್ರ ಗಾಲಿ ನಿಲ್ಲೂದಿಲ್ರಿ," ಎಂದು ಮೆಲ್ಲಗೆ ಹೇಳಿದೆ.

ಆತನಿಗೆ ತಿಳಿಯಲು ತುಸು ಹೊತ್ತು ಹಿಡಿಯಿತು. ತಿಳಿದ ಮೇಲೆ ಹಾಗೇ ನೆಲಕ್ಕೆ ಕೂತುಬಿಟ್ಟ. ಬಸ್ಸಿನ ಎದುರಿಗೆ ಮಗಳನ್ನು ತಳ್ಳಿದವನು ನಾನೇ ಏನಪ್ಪಾ ಎಂದು ಕೇಳಿದ. ಈ ಮಾತು ನಿಮ್ಮನ್ನೂ ನನ್ನನ್ನೂ ಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ ಎಂದೆ. ಕೈ ಹಿಡಿದು ಎಬ್ಬಿಸಿ, ಬ್ರೇಕ್ ಪೆಡಲಿನ ಕೀಲು ತೋರಿಸಿದೆ, ಡಬ್ಬದ ಬಾಗಿಲಿನ ತಿರುಗಣಿ ತೋರಿಸಿದೆ. ಇಲ್ಲಿಗೆ ಅಮಾವಾಸ್ಯೆಗೊಮ್ಮೆ ಎರಡೆರಡು ಹನಿ ಬೇಕೇ ಬೇಕು, ಅದು ನಿಮ್ಮ ಕೆಲಸ ಎಂದೆ. ಸುಳ್ಳಲ್ಲ, ಅಲ್ಲಿಗೆ ಎಣ್ಣೆ ಬೇಕು.

ಡ್ರಮ್ ಒರೆಸಿ, ಶೂ ಬದಲಿಸಿ, ಬಿರಡೆ ಒತ್ತುವಷ್ಟರಲ್ಲಿ ಅಂಬಿಕಾ ಚಹಾ ಹಿಡಿದು ಬಂದಳು. ಏನಾಗಿತ್ತೆಂದು ಕೇಳಿದಳು. ಗದ್ದೆಪ್ಪ ಗೋಡೆಯ ಕಡೆ ಮುಖ ಮಾಡಿದ.

"ನಾನ ಸೀಲ್ ತಪ್ಪು ಕುಂದ್ರಿಸಿದ್ದೆ," ಎಂದೆ. "ಇನ್ಮ್ಯಾಲೆ ಕೆಡೂದಿಲ್ಲ."

"ಮೂರೂ ಸಲ ತಪ್ಪ್ರಿ?"

"ಮೂರೂ ಸಲ."

ನನ್ನ ಕೆಲಸ ತಪ್ಪು ಎಂದು ನಾನೇ ಬಾಯಿಬಿಟ್ಟು ಹೇಳಿದ್ದು ಹುಟ್ಟಿದ ಮೇಲೆ ಅದೇ ಮೊದಲು. ಆಕೆ ಸಕ್ಕರೆಯ ಡಬ್ಬಿ ತೆಗೆದುಕೊಂಡಳು. ಮಿಸ್ತ್ರಿ ಎನ್ನಲಿಲ್ಲ, ಅಣ್ಣಾ ಎಂದೂ ಅನ್ನಲಿಲ್ಲ. ಮರಳಿ ಬರುವ ದಾರಿಯಲ್ಲಿ ಹೊಳೆಯಿತು. ಬ್ರೇಕು ಸರಿಹೋಯಿತು, ಇನ್ನು ಆಕೆ ಬರಲು ಕಾರಣವೇ ಇಲ್ಲ.

ಬರಲೂ ಇಲ್ಲ. ದಿನಾ ನನ್ನ ಬಾಗಿಲ ಮುಂದೆಯೇ ಹೋಗುತ್ತಿದ್ದಳು. ರಸ್ತೆಯ ಉಬ್ಬಿನ ಹತ್ತಿರ ಬ್ರೇಕು ಒತ್ತಿದರೆ ಗಾಡಿ ಅತ್ತಿತ್ತ ಸರಿಯದೆ ನೆಟ್ಟಗೆ ವೇಗ ತಗ್ಗಿಸುತ್ತಿತ್ತು. ನನ್ನ ಕೆಲಸ ನೋಡಿ ನನಗೇ ಹೆಮ್ಮೆ, ನನಗೇ ಸಂಕಟ. ಸರಿ ಮಾಡಿ ಕೆಟ್ಟೆಯಲ್ಲೋ ಭಾಯಿ ಎಂದು ಜಿಲಾನಿ ಪಾಷಾ ಮರುಗಿದ. ಅವನ ಮೇಲೆ ನಟ್ಟು ಬಿಚ್ಚುವ ಪಾನಾ ಎಸೆಯಬೇಕೆನಿಸಿತು, ಎಸೆಯಲಿಲ್ಲ.

ಮತ್ತೊಂದು ಅಮಾವಾಸ್ಯೆ ಕಳೆಯಿತು. ಮರುದಿನ ಗಾಡಿ ನನ್ನ ಬಾಗಿಲಲ್ಲಿ ನಿಂತಿತು. ಕೈಯ ಕೆಲಸ ಬಿಟ್ಟು ಎದ್ದೆ. ಮುದುಕ ಮತ್ತೆ ಎಣ್ಣೆ ಹಾಕಿದನೇ?

"ಬ್ರೇಕು ಚಲೋ ಅದ," ಎಂದಳು, ನಾನು ಕೇಳುವ ಮೊದಲೇ.

ಹೆಲ್ಮೆಟ್ ತೆಗೆದು ಟೂಲ್ ಬಾಕ್ಸಿನ ಮೇಲೆ ಇಟ್ಟಳು. ನಿನ್ನೆ ಪೂಜೆಯಾದ ಮೇಲೆ ಅಪ್ಪ ಪೆಡಲಿಗೆ ಎರಡು ಹನಿ ಹಾಕಿದನಂತೆ, ಹಾಕಿ ಅಲ್ಲೇ ಕೂತು ಅತ್ತನಂತೆ. ಎಲ್ಲ ಹೇಳಿದ್ದ. ದೇವದುರ್ಗದವರಿಗೆ ಗಾಡಿ ಮಾರುವುದಿಲ್ಲವೆಂದೂ ಹೇಳಿ ಕಳಿಸಿದ್ದ.

"ನಮ್ಮಪ್ಪನ ಮಾನಕ್ಕ ನಿಮ್ಮ ಹೆಸರು ಕೆಡಿಸ್ಕೊಂಡ್ರಿ. ಯಾಕ್ರಿ?"

ಈ ಸಲ ನಾಲಿಗೆ ಎದ್ದಿತು. "ನಿಮ್ಮಪ್ಪ ಅಂತ. ಮತ್ತ, ಪಾಷಾ ಅಂದಿದ್ದು ಅರ್ಧ ಖರೇ ಅದ. ಬ್ರೇಕ್ ನಾ ಕೆಡಿಸಲಿಲ್ಲ. ಆದ್ರ ಕೆಟ್ಟಾಗೆಲ್ಲ ನೀವು ಬರ್ತೀರಲ್ಲ ಅಂತ ಖುಷಿ ಆಗ್ತಿತ್ತು."

ಆಕೆ ತಲೆ ತಗ್ಗಿಸಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಕಣ್ಣೆತ್ತಿದಾಗ ಆ ಹಳೆಯ ನಗು ಅಲ್ಲಿತ್ತು.

"ಅವತ್ತು ಸಿಟ್ಟಿನ್ಯಾಗ ಅಣ್ಣಾ ಅಂದಿದ್ದೆ," ಎಂದಳು. "ಅದನ್ನ ವಾಪಸ್ ತಗೊಂಡು ಹೋಗಾಕ ಬಂದೀನಿ."

ನಾನು ಗ್ರೀಸ್ ಮೆತ್ತಿದ ಕೈಯನ್ನು ಅಂಗಿಗೇ ಒರೆಸಿಕೊಂಡೆ. ಆಕೆ ಗಾಡಿಯಿಂದ ಸ್ಟೀಲ್ ಡಬ್ಬಿ ತಂದು ಆ ಕೈಯಲ್ಲೇ ಇಟ್ಟಳು. ರೊಟ್ಟಿ ಇನ್ನೂ ಬೆಚ್ಚಗಿತ್ತು. ಡಬ್ಬಿ ಕೊಡಲು ಮನೆಗೆ ಬರಬೇಕು, ಅಪ್ಪನಿಗೆ ಮಾತಾಡುವುದಿದೆಯಂತೆ ಎಂದಳು. ಯಾವಾಗ ಎಂದೆ.

"ಅಮಾಸಿ ತನಕ ಕಾಯಬ್ಯಾಡ್ರಿ."

ಗಾಡಿ ಹೊರಟಿತು. ರಸ್ತೆ ಖಾಲಿಯಿತ್ತು, ಬ್ರೇಕು ಹಾಕುವ ಕಾರಣವೇ ಇರಲಿಲ್ಲ. ಆದರೂ ಉಬ್ಬಿನ ಆಚೆ ಹಾಕಿದಳು. ಗಾಡಿ ನೆಟ್ಟಗೆ ನಿಂತಿತು, ಆಕೆ ತಿರುಗಿ ನೋಡಿದಳು. ನನ್ನ ಚಹಾ ಆರಿ ಹೋಗಿತ್ತು. ಯಾಕೆಂದು ಜಿಲಾನಿ ಪಾಷಾ ಕೇಳಲಿಲ್ಲ.