ತಂಬಿಗೆಯ ಅಂಚು

೧೯೭೮ರಲ್ಲಿ ನಾವು ಅನಾಥಾಶ್ರಮದಿಂದ ಏಳು ತಿಂಗಳ ಹೆಣ್ಣು ಕೂಸನ್ನು ದತ್ತು ಪಡೆದು ಕಳವಾ ಊರಿನಲ್ಲಿದ್ದ ನಮ್ಮ ಒಂಟಿ ಕೋಣೆಯ ಖೋಲಿಗೆ ತಂದೆವು. ಅದು ರಚ್ಚೆ ಹಿಡಿದಾಗಲೆಲ್ಲ ಅತ್ತೆ ಚಂದ್ರಬಾಯಿ, “ಯಾರ ರಕ್ತಾನೋ ಏನೋ! ನಮ್ಮ ಮನ್ಯಾಗ ಇಂಥಾ ಸಿಟ್ಟು ಯಾರಿಗಿತ್ತು?” ಅನ್ನುತ್ತಿದ್ದಳು. ಆ ಮಾತು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಒಂದು ಮಧ್ಯಾಹ್ನ ತಡೆಯಲಾಗದೆ ಕಿರುಚಿದೆ: “ಸತ್ತ ಮಾವನ್ನ ಮರತ್ರೇನು? ಸಿಟ್ಟು ಬಂದ್ರ ತಂಬಿಗಿ ಕಚ್ಚತಿದ್ರಂತಲ್ಲ!”

ಕೂಸಿನ ಅಳು ಥಟ್ಟನೆ ನಿಂತಿತು. ಮಾವ ಹೋದ ಮೇಲೆ ಮನೆಯಲ್ಲಿ ಯಾರೂ ತಿನ್ನದ ತಂಬಾಕಿನ ವಾಸನೆ ಎದ್ದಿತು. ಕೂಸು ನಮ್ಮ ಹೊಸ ಹಿತ್ತಾಳೆ ತಂಬಿಗೆಯನ್ನು ಎಳೆದುಕೊಂಡು, ಅಂಚನ್ನು ಬಾಯಿಗಿಟ್ಟು ಗುರುಗುಟ್ಟಿತು.

ಅತ್ತೆ ತಲೆಯ ಮೇಲೆ ಸೆರಗೆಳೆದುಕೊಂಡು ಮೂಲೆಗೆ ಸರಿದಳು. “ತಪ್ಪಾತ್ರಿ,” ಅಂದಳು, ಕೂಸಿಗೆ.

ತಂಬಿಗೆ ಇನ್ನೂ ನನ್ನ ಬಳಿ ಇದೆ. ಅಂಚಿನಲ್ಲಿ ನಾಲ್ಕು ಹಲ್ಲಿನ ಗುರುತುಗಳಿವೆ. ಕೂಸಿಗೆ ಆಗಿನ್ನೂ ಒಂದು ಹಲ್ಲೂ ಬಂದಿರಲಿಲ್ಲ.